ಪರದೆಯ ಮೇಲೆ ಐದು ಮಾತು

ಪಿರಿಯಾಪಟ್ಟಣ
6 ಮೇ 2002

ಪ್ರೀತಿಯ ಶಶಿ,

ನಾವೆಲ್ಲ ಕ್ಷೇಮ ಎಂದು ಶುರುಮಾಡಲು ಕೈ ಬರುವುದಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಇರುವಾಗ ಭಾವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನ್ ಇರುವುದು ನಿನ್ನ ಅಕ್ಕನ ಮಂಚದ ಪಕ್ಕದಲ್ಲಿ. ರಾಧಾಳ ಮಾತು ನಿಂತಿದೆ, ಕಿವಿ ನಿಂತಿಲ್ಲ. ಅವಳ ಕಾಯಿಲೆಯ ಮಾತನ್ನು ಅವಳ ಎದುರಿಗೇ ಹೇಗೆ ಆಡಲಿ?

ಯುಗಾದಿಯಲ್ಲಿ ನೀನು ನೋಡಿಕೊಂಡು ಹೋದ ಮೇಲೆ ಎಡಗೈಯೂ ಹೋಯಿತು. ಈಗ ಉಳಿದಿರುವುದು ಬಲಗೈಯ ಹೆಬ್ಬೆರಳು ಮತ್ತು ಕಣ್ಣು. ಹೌದು ಅನ್ನುವುದಕ್ಕೆ ಒಂದು ಸಲ ಕಣ್ಣು ಮುಚ್ಚಿ ತೆರೆಯುತ್ತಾಳೆ. ಇದು ನರ ಸೊರಗುವ ಕಾಯಿಲೆ, ಮದ್ದಿಲ್ಲ, ಹೀಗೇ ಒಂದೊಂದೇ ನಿಲ್ಲುತ್ತಾ ಹೋಗುತ್ತದೆ ಎಂದು ಮೈಸೂರಿನ ಡಾಕ್ಟರು ಅಂದಿದ್ದನ್ನು ನಿನಗೆ ಹೇಳಿದ್ದೆ. ಅತ್ತೆಗೆ ಹೇಳಬೇಡ.

ಆ ಹೆಬ್ಬೆರಳಿಗಾಗಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಅಂಗಡಿಯ ಕಂಪ್ಯೂಟರನ್ನು ಅವಳ ಮಂಚದ ಎದುರಿಗೆ ಇಟ್ಟು, ನಾನು ಮುಂದಿನ ಕೋಣೆಯ ಅಂಗಡಿಯಲ್ಲಿ ಮತ್ತೆ ಹಳೇ ಟೈಪ್‌ರೈಟರಿಗೆ ಇಳಿದಿದ್ದೇನೆ. ಪರದೆಯ ಮೇಲೆ ಐದು ಚೌಕ: ನೀರು, ಮಗ್ಗುಲು, ಫ್ಯಾನು, ಸಾಕು, ಕೊನೆಗೆ ನನ್ನ ಹೆಸರು. ಬೆಳಕು ಒಂದೊಂದರ ಮೇಲೂ ಸ್ವಲ್ಪ ನಿಂತು ಮುಂದೆ ಹೋಗುತ್ತದೆ, ಕೊನೆಯದು ಮುಗಿದರೆ ಮತ್ತೆ ಮೊದಲಿನದಕ್ಕೆ ಬರುತ್ತದೆ. ಬೇಕಾದ ಮಾತಿನ ಮೇಲೆ ಬೆಳಕು ಬಂದಾಗ ಅವಳು ಹೆಬ್ಬೆರಳಲ್ಲಿ ಮೌಸ್ ಒತ್ತಿದರೆ ಸ್ಪೀಕರು ಆ ಮಾತನ್ನು ಕೂಗುತ್ತದೆ. ಅದೂ ಅವಳದೇ ದನಿಯಲ್ಲಿ. ದನಿ ಇನ್ನೂ ಅಷ್ಟಿಷ್ಟು ಉಳಿದಿದ್ದ ಯುಗಾದಿಯ ಹೊತ್ತಿಗೇ ಮೈಕ್ ಹಿಡಿದು ಹೇಳಿಸಿಟ್ಟುಕೊಂಡಿದ್ದೆ. ನಾಲ್ಕು ಮಾತು ಚೆನ್ನಾಗಿ ಹೇಳಿದಳು. ನನ್ನ ಹೆಸರು ಹೇಳು ಅಂದಾಗ ಮಾತ್ರ ಗಂಟಲು ನೋಯುತ್ತದೆ ಎಂದು ನಕ್ಕು ಆ ಕಡೆ ತಿರುಗಿದಳು. ಆಯಾಸವಾಗಿತ್ತು, ಪಾಪ. ಅದೊಂದನ್ನು ನನ್ನ ದನಿಯಲ್ಲೇ ಹಾಕಿದೆ.

ಹೆಸರೇ ಯಾಕೆ ಎಂದರೆ, ಅಂಗಡಿಗೆ ಬರುವವರೆಲ್ಲ ‘ರೀ’ ‘ಸಾರ್’ ಅನ್ನುವವರೇ. ಟೈಪ್‌ರೈಟರಿನ ಸದ್ದಿನಲ್ಲಿ ಒಳಗಿನದು ಯಾವುದು ಹೊರಗಿನದು ಯಾವುದು ಗೊತ್ತಾಗುವುದಿಲ್ಲ. ‘ಶಿವಶಂಕರ’ ಎಂದು ಕೂಗಿತು ಅಂದರೆ ಅದು ರಾಧಾ, ಎದ್ದು ಓಡಬೇಕು, ಅಷ್ಟೆ.

ಆದರೆ ಆ ಚೌಕ ಒಂದು ಸಲವೂ ಕೂಗಿಲ್ಲ. ನಾನು ಒತ್ತಿದರೆ ಕೂಗುತ್ತದೆ, ಅವಳು ಒತ್ತಿದರೆ ಇಲ್ಲ. ‘ಅದು ಸರಿಯಾಗಿ ಕೆಲಸ ಮಾಡ್ತಿಲ್ವಾ?’ ಅಂತ ಕೇಳಿದೆ. ಹೌದು ಎಂದು ಕಣ್ಣು ಮುಚ್ಚಿ ತೆರೆದಳು. ಇನ್ನೊಂದು ಕಾಟ, ಹೊತ್ತಿಲ್ಲ ಗೊತ್ತಿಲ್ಲ ‘ನೀರು’ ಅನ್ನುತ್ತದೆ. ಲೋಟ ಹಿಡಿದು ಹೋದರೆ ತುಟಿ ಮುಚ್ಚಿಕೊಳ್ಳುತ್ತಾಳೆ. ಎಲ್ಲಿ ತಪ್ಪಿದೆ, ಹೇಳು. ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿ ಅನ್ನುವ ನಿನ್ನ ಪುರಾಣ ಮಾತ್ರ ತೆಗೆಯಬೇಡ.

ಇತಿ ನಿನ್ನ ಭಾವ,
ಶಿವಶಂಕರ


ಸರಗೂರು
15 ಮೇ 2002

ಭಾವನವರಿಗೆ ಶಶಿಯ ನಮಸ್ಕಾರ.

ಕಾಗದ ಓದಿ ತಕ್ಷಣ ಉತ್ತರ ಬರೆಯಲಾಗಲಿಲ್ಲ. ಅಕ್ಕನ ಎಡಗೈ ವಿಷಯ ಅವ್ವನಿಗೆ ಹೇಳಿಲ್ಲ. ಅವಳಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ದಿನಾ ‘ರಾಧಿ ಎಂಗವ್ಳಂತೆ?’ ಅಂತ ಕೇಳುತ್ತಾಳೆ. ಅಂಗೇ ಅವ್ಳೆ ಕಣವ್ವ ಎಂದು ಹೇಳಿ ರಿಪೇರಿ ಅಂಗಡಿಗೆ ಹೊರಟುಬಿಡುತ್ತೇನೆ.

ಪುರಾಣ ತೆಗೆಯಬೇಡ ಅಂದಿದ್ದೀರಿ. ತೆಗೆಯದೆ ವಿಧಿಯಿಲ್ಲ ಭಾವ. ನೋಡಿ, ನಿಮ್ಮ ಬೆಳಕು ಐದನೆಯ ಚೌಕದಿಂದ ಮತ್ತೆ ಮೊದಲನೆಯದಕ್ಕೆ ಹೋಗುತ್ತದೆ ತಾನೆ? ಮೊದಲನೆಯದು ಯಾವುದು? ನೀರು. ಅಕ್ಕ ನಿಮ್ಮ ಹೆಸರನ್ನೇ ಒತ್ತುತ್ತಿದ್ದಾಳೆ. ನಿಮ್ಮ ವಿಂಡೋಸ್ 98 ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಬೆಳಕು ನೀರಿನ ಮೇಲೆ ಹೋಗಿ ಕೂತಿರುತ್ತದೆ. ಅವಳು ಕರೆದದ್ದು ನಿಮ್ಮನ್ನು, ಅದು ಕೂಗಿದ್ದು ನೀರು. ನಿಮ್ಮ ಎರಡು ಕಾಟಕ್ಕೂ ಒಂದೇ ಕಾರಣ.

ವಿಂಡೋಸಿನವರು ಮದುವೆ ಮನೆಯಲ್ಲಿ ಎಲೆ ಮುಂದೆ ಕೂರುವವರು. ಬಡಿಸಿದ್ದನ್ನು ಉಣ್ಣಬೇಕು, ಉಪ್ಪು ಕಮ್ಮಿಯಾದರೆ ಅಡಿಗೆಯವನನ್ನು ಬೈದುಕೊಂಡು ಎದ್ದುಬರಬೇಕು. ನಾವು ಅಡಿಗೆ ಮನೆಗೇ ನುಗ್ಗುವವರು. ಉಪ್ಪು ಎಷ್ಟು ಬಿದ್ದಿದೆ ನಮಗೆ ಗೊತ್ತಿರುತ್ತದೆ. ನಿಮ್ಮ ಪ್ರೋಗ್ರಾಂ ಲಿನಕ್ಸಿನಲ್ಲಿ ಹೊಸದಾಗಿ ಬರೆದಿದ್ದೇನೆ. ಸಿ.ಡಿ.ಯನ್ನು ಕಂಡಕ್ಟರ್ ಮಂಟಯ್ಯನ ಕೈಯಲ್ಲಿ ಕಳಿಸಿದ್ದೇನೆ.

ಅಕ್ಕನಿಗೆ ನಾನು ಬರೆದೆ ಅಂತ ಹೇಳಿ. ಬೇರೆ ಏನೂ ತೋಚುತ್ತಿಲ್ಲ.

ಶಶಿ


ಪಿರಿಯಾಪಟ್ಟಣ
2 ಜೂನ್ 2002

ಶಶಿ,

ಸಿ.ಡಿ. ಬಂತು. ಹಾಕಿಲ್ಲ, ಹಾಕುವುದೂ ಇಲ್ಲ. ಅಡಿಗೆ ಮನೆಗೆ ನುಗ್ಗುವವರಂತೆ! ನುಗ್ಗಿದ್ದು ನೋಡಿದ್ದೇನೆ, ಹೊಟ್ಟೆ ತುಂಬ ಉಂಡಿದ್ದು ನೋಡಿಲ್ಲ. ಹುಣಸೂರಿನಲ್ಲಿ ನಿನ್ನ ಥರದವನೇ ಒಬ್ಬನಿದ್ದಾನೆ. ಪ್ರಿಂಟರ್ ಓಡಿಸಲು ಭಾನುವಾರವೆಲ್ಲ ಕೂತು, ಕೊನೆಗೆ ಒಂದು ಹಾಳೆ ಬಂದರೆ ಬೀದಿಗೆಲ್ಲ ತೋರಿಸಿಕೊಂಡು ಬರುತ್ತಾನೆ. ನಿಮ್ಮದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹತ್ತು ವರ್ಷ ನನಗೆ ಅನ್ನ ಹಾಕಿದ್ದು ವಿಂಡೋಸ್. ಲಗ್ನಪತ್ರಿಕೆ, ಕರಪತ್ರ, ಹೊಗೆಸೊಪ್ಪಿನ ಬೆಳೆಗಾರರ ಅರ್ಜಿ, ಎಲ್ಲ ಅದರಲ್ಲೇ. ಆಗಾಗ ನಿಲ್ಲುತ್ತದೆ, ಒಪ್ಪಿದೆ. ಎಬ್ಬಿಸಿದರೆ ಏಳುತ್ತದೆ.

ಬೆಳಕಿನ ಓಟ ನಿಧಾನ ಮಾಡಿದೆ. ಮೌಸ್ ಬದಲಾಯಿಸಿದೆ, ಸ್ಪೀಕರ್ ಬದಲಾಯಿಸಿದೆ. ಹೆಸರು ಕೂಗಲಿಲ್ಲ.

ಇಷ್ಟು ಬರೆದಿದ್ದು ಬೆಳಿಗ್ಗೆ. ಈಗ ಸಂಜೆಯಾಗಿದೆ. ಮಧ್ಯಾಹ್ನ ಅಂಗಡಿಯಲ್ಲಿ ಜನ ಇದ್ದರು. ಒಳಗಿನಿಂದ ‘ನೀರು’ ಅಂತು. ‘ಬಂದೆ ಇರು’ ಅಂದೆ. ಮತ್ತೆ ಅಂತು, ಮತ್ತೆ ಬಂದೆ ಅಂದೆ. ಹೋದರೆ ಕುಡಿಯುವುದಿಲ್ಲವಲ್ಲ ಎಂಬ ಅಸಡ್ಡೆ. ಅರ್ಜಿ ಮುಗಿಸಿ, ಸಹಿ ಎಲ್ಲಿ ಹಾಕಬೇಕು ಎಂದು ತೋರಿಸಿ ಒಳಗೆ ಹೋದರೆ ದಿಂಬು ಜಾರಿ ಅವಳ ಕತ್ತು ಎದೆಗೆ ಮಡಚಿಕೊಂಡಿತ್ತು. ಮುಖ ಕಪ್ಪಿಟ್ಟಿತ್ತು. ಎತ್ತಿ ಕೂರಿಸಿದ ಮೇಲೆ ಉಸಿರು ಬಂತು. ಪಕ್ಕದ ಮನೆಯ ಪುಟ್ಟತಾಯಮ್ಮ ಬಂದು ಬೆನ್ನು ತಿಕ್ಕಿದರು. ಆ ಐದನೆಯ ಚೌಕ ಕೆಲಸ ಮಾಡಿದ್ದರೆ ನಾನು ಓಡಿಹೋಗಿರುತ್ತಿದ್ದೆ.

ನನಗೆ ಹೆದರಿಕೆಯಾಗಿದೆ ಶಶಿ. ಮೊಲಕ್ಕೆ ಎಷ್ಟು ಕಾಲಾದರೂ ಇರಲಿ. ಬಂದು ನಿನ್ನ ಲಿನಕ್ಸ್ ಹಾಕಿಕೊಡು.

ಶಿವಶಂಕರ


ಸರಗೂರು
20 ಜೂನ್ 2002

ಭಾವನವರಿಗೆ,

ಭಾನುವಾರ ನಿಮ್ಮಲ್ಲಿಂದ ಹೊರಟು ಊರು ಸೇರಿದೆ. ಅವಸರದಲ್ಲಿ ಹೇಳಲು ಮರೆತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಡಲು ನಿಮ್ಮ ಡಿಸ್ಕಿನಲ್ಲಿ ಜಾಗ ಇರಲಿಲ್ಲ, ಅದಕ್ಕೆ ಪೂರ್ತಿ ಒರೆಸಿ ಲಿನಕ್ಸ್ ಒಂದನ್ನೇ ಹಾಕಿದ್ದೇನೆ. ನಿಮ್ಮ ಲಗ್ನಪತ್ರಿಕೆ, ಅರ್ಜಿಗಳ ನಕಲು, ಐದು ಮಾತಿನ ಫೈಲುಗಳು ನೀವು ಕೊಟ್ಟ ಫ್ಲಾಪಿಗಳಲ್ಲಿ ಭದ್ರವಾಗಿವೆ. ಮಾತಿನವನ್ನು ಹೊಸದರೊಳಕ್ಕೂ ಹಾಕಿದ್ದೇನೆ. ಇನ್ನು ಅದು ನಿಲ್ಲುವುದಿಲ್ಲ, ನೀವು ಎಬ್ಬಿಸಬೇಕಾಗಿಯೂ ಇಲ್ಲ.

ನೀವು ಹಾಲು ತರಲು ಹೋಗಿದ್ದಾಗ ಐದನೆಯ ಚೌಕ ಪರೀಕ್ಷೆ ಮಾಡಿದೆ. ‘ಶಿವಶಂಕರ’ ಎಂದು ಬೀದಿಗೆ ಕೇಳುವ ಹಾಗೆ ಕೂಗಿತು. ಅಕ್ಕನ ಕಡೆ ನೋಡಿದರೆ ಅವಳ ಕಣ್ಣು ಬಾಗಿಲ ಕಡೆ ಹೋಯಿತು, ಕೆನ್ನೆ ಕೆಂಪಾಯಿತು. ಎಷ್ಟು ಸಂತೋಷವಾಯಿತೋ ಅವಳಿಗೆ. ಚಿಕ್ಕವನಿದ್ದಾಗ ಇಸ್ಕೂಲಿಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವಳು. ಅವಳಿಗೆ ನನ್ನ ಕೈಯಲ್ಲಿ ಏನಾದರೂ ಆಯಿತಲ್ಲ ಎಂದು ಬಸ್ಸಿನಲ್ಲಿ ಕೋಟೆಯ ಬಸ್ ಸ್ಟ್ಯಾಂಡ್ ಬರುವವರೆಗೂ ಅದನ್ನೇ ನೆನೆಸಿಕೊಂಡು ಕೂತಿದ್ದೆ.

ವಿಂಡೋಸಿಗೆ ಮಣ್ಣು ಕೊಟ್ಟದ್ದಕ್ಕೆ ನನ್ನನ್ನು ಕ್ಷಮಿಸುತ್ತೀರಿ ತಾನೆ?

ಶಶಿ


ಪಿರಿಯಾಪಟ್ಟಣ
9 ಜುಲೈ 2002

ಶಶಿ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲವನ್ನೂ ಬದಲಾಯಿಸಿ ಆಯಿತು. ನಿನ್ನ ಲಿನಕ್ಸ್ ನಿಲ್ಲುವುದಿಲ್ಲ, ನಿಜ. ಹಗಲೆಲ್ಲ ಬೆಳಕು ಗಡಿಯಾರದ ಮುಳ್ಳಿನ ಹಾಗೆ ತಪ್ಪದೆ ಸುತ್ತುತ್ತದೆ. ನಾನು ಒತ್ತಿದರೆ ನನ್ನ ಹೆಸರು ಕೂಗುತ್ತದೆ, ಅವಳು ಒತ್ತಿದರೆ ನೀರು. ವಿಂಡೋಸಿನಲ್ಲೂ ನೀರು, ಲಿನಕ್ಸಿನಲ್ಲೂ ನೀರು. ಇನ್ನು ಯಾವುದನ್ನು ಹಾಕಲಿ ಹೇಳು. ಬೇರೆ ಇನ್ನೇನಾದರೂ ಇದ್ದರೆ ಅದನ್ನೂ ತಾ, ಹಾಕೋಣ. ಬೈಲುಕುಪ್ಪೆಯ ಹತ್ತಿರ ಕೊಪ್ಪದಲ್ಲಿ ಒಬ್ಬರು ಮ್ಯಾಕ್ ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ. ಅವರಲ್ಲಿಗೂ ಹೋಗಿ ಕೇಳಿದೆ. ನಮ್ಮದರಲ್ಲಿ ಇಂಥ ತಾಪತ್ರಯವೇ ಇಲ್ಲ ಎಂದು ಚಹ ಕೊಟ್ಟು ಕಳಿಸಿದರು. ಎಲ್ಲರೂ ತಮ್ಮ ತಮ್ಮ ಯಂತ್ರವನ್ನು ಹೊಗಳುವವರೇ.

ಹೆಬ್ಬೆರಳು ಈಗ ಮೊದಲಿನಷ್ಟು ಬಲವಾಗಿ ಒತ್ತುವುದಿಲ್ಲ. ಒಂದು ಸಲ ಒತ್ತಲು ಅವಳು ಬಹಳ ಕಷ್ಟಪಡುತ್ತಾಳೆ. ಅಷ್ಟು ಕಷ್ಟಪಟ್ಟು ಬೇಡದ ನೀರು ಕೇಳುತ್ತಾಳಲ್ಲ ಎಂದು ನಿನ್ನೆ ಸಿಟ್ಟು ಬಂತು. ‘ಕುಡಿಯೋಲ್ಲ ಅಂದ್ಮೇಲೆ ಯಾಕೆ ಕೇಳ್ತೀಯ, ನಾನೂ ಮನುಷ್ಯ ಅಲ್ವಾ?’ ಅಂದುಬಿಟ್ಟೆ. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಹರಿಯಿತು. ಒರೆಸಿಕೊಳ್ಳಲು ಅವಳಿಗೆ ಕೈಯಿಲ್ಲ, ನಾನೇ ಒರೆಸಿದೆ. ಆಮೇಲೆ ಸಂಜೆಯ ತನಕ ಅವಳು ಏನೂ ಒತ್ತಲಿಲ್ಲ.

ಇನ್ನು ನನ್ನಿಂದ ಆಗುವುದಿಲ್ಲ ಅನ್ನಿಸುತ್ತದೆ. ಆಗುವುದಿಲ್ಲ ಎಂದು ಹೇಳಿ ಹೋಗುವುದಾದರೂ ಎಲ್ಲಿಗೆ?

ಶಿವಶಂಕರ


ಸರಗೂರು
17 ಜುಲೈ 2002

ಭಾವನವರಿಗೆ,

ನಿಮ್ಮ ಕಾಗದ ಬಂದಾಗ ಅವ್ವ ಜಗಲಿಯಲ್ಲಿ ಅವರೆಕಾಳು ಹಸನು ಮಾಡುತ್ತಾ ಕೂತಿದ್ದಳು. ‘ಏನ್ಲಾ ಅದು, ದಿನಾ ಮುಚ್ಚಿಡ್ತೀಯ, ಓದ್ಲಾ’ ಅಂದಳು. ಇನ್ನು ಮುಚ್ಚಿಡಲಾಗಲಿಲ್ಲ. ಮೊದಲಿನಿಂದ ಎಲ್ಲ ಹೇಳಿದೆ. ಕಾಯಿಲೆಯದನ್ನು ಕೇಳಿ ಅವಳು ಅಳಲಿಲ್ಲ. ಗೊತ್ತಿತ್ತು ಅಂತ ಕಾಣುತ್ತದೆ. ಐದು ಚೌಕದ ವಿಷಯ ಬಂದಾಗ ಮೊರ ಪಕ್ಕಕ್ಕೆ ಇಟ್ಟಳು. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

‘ಅಯ್ಯೋ ನಿಮ್ಮ. ಗಂಡನ ಹೆಸ್ರ ಬಾಯ್ಬುಟ್ಟು ಕೂಗು ಅಂದ್ರೆ ಅವ್ಳು ಎಂಗ್ಲಾ ಕೂಗಾಳು? ಮದ್ವೇಲಿ ಬಾಗ್ಲು ತಡ್ದು ಹೆಸ್ರೇಳು ಅಂದಾಗ್ಲೇ ಅಳ್ತಾ ನಿಂತಿದ್ಲು. ಪೆಟ್ಗೆ ಕೂಗುದ್ರೂ ಕೂಗ್ಸಿದೋಳು ಅವ್ಳೇ ತಾನೆ? ಅದೂ ಬೀದಿಗೆ ಕೇಳಂಗೆ.’

ಅವ್ವ ಹೇಳಿದ್ದು ನಿಜ ಭಾವ. ಮೈಸೂರಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಗಂಡನ ಹೆಸರು ಕೇಳಿದಾಗ ಅಕ್ಕ ನನ್ನ ಕಡೆ ತಿರುಗಿದಳು, ನಾನೇ ಹೇಳಿದ್ದೆ. ಹತ್ತಿರವೇ ನಿಂತಿದ್ದವನು ನಾನು. ಐದನೆಯ ಚೌಕ ಕೂಗಿದ ದಿನ ಅವಳ ಕೆನ್ನೆ ಕೆಂಪಾದದ್ದು ಸಂತೋಷಕ್ಕಲ್ಲ. ಬೀದಿಯವರು ಅವಳೇ ಕೂಗಿದಳು ಅಂದುಕೊಂಡಾರು ಎಂದು ಬಾಗಿಲ ಕಡೆ ನೋಡಿದ್ದಾಳೆ.

‘ನಿಮ್ ಭಾವುನ್ನ ಅವ್ಳು ಏನಂತ ಕರೀತಿದ್ಲೋ ಅದ ಆಕ್ರಲಾ’ ಎಂದು ಅವ್ವ ಅಂದಳು. ನನಗೆ ನೆನಪಿಗೆ ಬರಲಿಲ್ಲ. ಏನಂತ ಕರೆಯುತ್ತಿದ್ದಳು ಭಾವ?

ಶಶಿ


ಪಿರಿಯಾಪಟ್ಟಣ
22 ಜುಲೈ 2002

ಶಶಿ,

ಕಾಗದ ಓದಿ ಅಂಗಡಿಯ ಬಾಗಿಲು ಹಾಕಿದೆ. ಅವಳ ಪಕ್ಕ ಕೂತು, ‘ಹೆಸರು ಹೇಳಬಾರ್ದು ಅಂತ ಒತ್ತುತ್ತಿರಲಿಲ್ವಾ?’ ಅಂತ ಕೇಳಿದೆ. ನನ್ನನ್ನೇ ನೋಡಿ ಕಣ್ಣು ಮುಚ್ಚಿ ತೆರೆದಳು. ಆ ಚೌಕ ಕೆಲಸ ಮಾಡ್ತಿಲ್ವಾ ಅಂದಾಗ ಹೌದು ಅಂದದ್ದು ನಾಚಿಕೆಗೆ. ಆಮೇಲೆ ನನಗೆ ಇನ್ನೊಂದು ಹೊಳೆಯಿತು. ಕೇಳಲು ಧೈರ್ಯವಾಗಲಿಲ್ಲ, ಆದರೂ ಕೇಳಿದೆ. ‘ನೀರು ಅಂದದ್ದೆಲ್ಲ ನನ್ನ ಕರೆದದ್ದಾ ರಾಧಾ?’

ಕಣ್ಣು ಮುಚ್ಚಿದಳು. ತೆರೆಯುವುದರೊಳಗೆ ನಾನು ಅತ್ತುಬಿಟ್ಟೆ. ಕತ್ತು ಮಡಚಿಕೊಂಡು ಉಸಿರಿಲ್ಲದೆ ಎರಡು ಸಲ ಕರೆದಳು, ಬಂದೆ ಇರು ಎಂದು ನಾನು ಅರ್ಜಿ ಕುಟ್ಟುತ್ತಾ ಕೂತಿದ್ದೆ. ಮೊನ್ನೆ ಯಾಕೆ ಕೇಳ್ತೀಯ ಎಂದು ರೇಗಿದ್ದೂ ಆ ಕರೆಗೇ. ಹಾಗೆ ಬೈಸಿಕೊಂಡವಳು ಅವತ್ತು ಸಂಜೆ ಬೇರೆ ಏನು ಒತ್ತುತ್ತಾಳೆ?

ಏನಂತ ಕರೆಯುತ್ತಿದ್ದಳು ಎಂದು ಕೇಳಿದ್ದೀಯ. ‘ರೀ’ ಎಂದು, ಸ್ವಲ್ಪ ಎಳೆದು. ಶಶಿ, ಅದು ನಮ್ಮ ಹತ್ತಿರ ಇದೆ! ಯುಗಾದಿಯಲ್ಲಿ ಮಾತು ಹೇಳಿಸಿದ ಉದ್ದನೆಯ ರೆಕಾರ್ಡಿಂಗ್‌ನ ಕೊನೆಗೆ ‘ರೀ, ಸಾಕು ಬುಡಿ’ ಅಂತ ನಕ್ಕಿದ್ದಾಳೆ. ನಾಲ್ಕು ಮಾತು ಕತ್ತರಿಸಿಕೊಂಡದ್ದು ಅದರಿಂದಲೇ. ಆ ಒಂದು ‘ರೀ’ ಕತ್ತರಿಸಿ ಐದನೆಯ ಚೌಕಕ್ಕೆ ಹಾಕಿದರೆ ಆಯಿತು. ನಿನ್ನ ಲಿನಕ್ಸಿನಲ್ಲಿ ಆ ಫೈಲು ಎಲ್ಲಿಟ್ಟಿದ್ದೀಯ? ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಬೇಗ ಬರೆ. ಹೆಬ್ಬೆರಳು ಕಾಯುವುದಿಲ್ಲ.

ಶಿವಶಂಕರ


ಸರಗೂರು
30 ಜುಲೈ 2002

ಭಾವ,

ಅದು ಇಲ್ಲ.

ನೀವು ಕೊಟ್ಟ ಫ್ಲಾಪಿಗಳಲ್ಲಿ ಕತ್ತರಿಸಿದ ಮಾತುಗಳು ಮಾತ್ರ ಇದ್ದವು. ಉದ್ದನೆಯ ರೆಕಾರ್ಡಿಂಗ್ ಫ್ಲಾಪಿಗೆ ಹಿಡಿಸುತ್ತಿರಲಿಲ್ಲ, ಅದು ಡಿಸ್ಕಿನಲ್ಲೇ ಉಳಿದಿತ್ತು. ನಾನು ಅದನ್ನು ಒರೆಸಿ ಲಿನಕ್ಸ್ ಹಾಕಿದೆ. ಒರೆಸುವ ಮುಂಚೆ ಒಳಗೆ ಇನ್ನೇನಿದೆ ಎಂದು ನೋಡಲಿಲ್ಲ. ಮೈಸೂರಿಗೆ ಹೋಗಿ ಬಲ್ಲವರನ್ನೆಲ್ಲ ಕೇಳಿದೆ. ಗೋಡೆಗೆ ಸುಣ್ಣ ಹೊಡೆದ ಮೇಲೆ ಅಳಿಸಿದ ಬರಹ ಹುಡುಕಿದ ಹಾಗೆ, ಆಗುವುದಿಲ್ಲ ಅಂದರು.

ನಿಮ್ಮ ವಿಂಡೋಸ್‌ನಲ್ಲಿ ಏನೂ ತಪ್ಪಿರಲಿಲ್ಲ ಭಾವ.

ಇದರ ಜೊತೆ ಒಂದು ಫ್ಲಾಪಿ ಇದೆ. ಅವ್ವನ ದನಿಯಲ್ಲಿ ‘ರೀ’ ಅದರಲ್ಲಿದೆ. ‘ನಾವೆಲ್ಲ ರೀ ಗೀ ಅಂದೋರಲ್ಲ ಕಣ್ಲಾ’ ಎಂದು ಮೊದಲು ಒಲ್ಲೆ ಅಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ಕೂತು ಹೇಳಿದಳು. ನನಗೆ ಕೊಡಲು ಇರುವುದು ಇಷ್ಟೇ.

ಶಶಿ


ಪಿರಿಯಾಪಟ್ಟಣ
26 ಆಗಸ್ಟ್ 2002

ಶಶಿ,

ಬರೆಯುವುದು ತಡವಾಯಿತು. ನಿನ್ನ ಮೇಲೆ ಸಿಟ್ಟಿನಿಂದ ಅಲ್ಲ. ಬಂದು ಹಾಕಿಕೊಡು ಅಂದವನು ನಾನು, ಫ್ಲಾಪಿಗೆ ಏನು ಹಾಕಬೇಕು ಎಂದು ಆರಿಸಿದವನೂ ನಾನು. ಒಂದೆರಡು ದಿನ ನಿನ್ನನ್ನು ಬೈದುಕೊಂಡದ್ದು ಸುಳ್ಳಲ್ಲ, ಆಮೇಲೆ ಅದೂ ಆಗಲಿಲ್ಲ.

ಅತ್ತೆಯ ‘ರೀ’ ಹಾಕಿದೆ. ರಾಧಾ ಕೇಳಿದ ಕೂಡಲೇ ಅವ್ವನ ದನಿ ಗುರುತಿಸಿ ಕಣ್ಣಲ್ಲೇ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು, ಅತ್ತೆಗೆ ಹೇಳು. ಆದರೆ ಅದನ್ನು ಒತ್ತುವುದಿಲ್ಲ. ನೀರನ್ನೇ ಒತ್ತುತ್ತಾಳೆ, ಅದು ಅವಳ ಸ್ವಂತ ದನಿ. ಇರಲಿ ಬಿಡು, ನನಗೂ ಅದೇ ಸರಿ. ಟೈಪ್‌ರೈಟರ್ ಮೇಜನ್ನೇ ಅವಳ ಕೋಣೆಗೆ ತಂದಿದ್ದೇನೆ. ಜನ ಕಿಟಕಿಯಿಂದ ಅರ್ಜಿ ಕೊಡುತ್ತಾರೆ. ನೀರು ಅಂದರೆ ಬಂದೆ ಅನ್ನುತ್ತೇನೆ, ಎದ್ದು ಎರಡು ಹೆಜ್ಜೆ ಹೋಗುತ್ತೇನೆ. ಅವಳಿಗೆ ಏನೂ ಬೇಕಿರುವುದಿಲ್ಲ, ನೋಡುತ್ತಾಳೆ, ಅಷ್ಟೆ.

ಒತ್ತುವುದು ದಿನದಿನಕ್ಕೆ ಕಮ್ಮಿಯಾಗುತ್ತಿದೆ.

ಶಿವಶಂಕರ


ಸರಗೂರು
4 ಅಕ್ಟೋಬರ್ 2002

ಭಾವನವರಿಗೆ,

ನಿಮ್ಮಿಂದ ಕಾಗದವಿಲ್ಲ. ಫೋನ್ ಮಾಡಿದರೆ ಊಂ, ಆಗಲಿ ಅನ್ನುತ್ತೀರಿ. ಅಕ್ಕ ಪಕ್ಕದಲ್ಲೇ ಇರುತ್ತಾಳೆ, ಹೆಚ್ಚು ಕೇಳುವ ಹಾಗಿಲ್ಲ.

ಉಸಿರು ತಾಗಿದರೆ ಕೆಲಸ ಮಾಡುವ ಸ್ವಿಚ್ಚೊಂದನ್ನು ಮಾಡುತ್ತಿದ್ದೇನೆ. ಹೆಬ್ಬೆರಳು ಆಗದಿದ್ದರೂ ನಡೆಯುತ್ತದೆ. ವಿಂಡೋಸಿಗೂ ಹಾಕಬಹುದು, ಲಿನಕ್ಸಿಗೂ ಹಾಕಬಹುದು, ನೀವು ಯಾವುದು ಹೇಳಿದರೆ ಅದು. ಹೋದ ವಾರ ಓಡಿತು, ಈ ವಾರ ಓಡುತ್ತಿಲ್ಲ. ಹಂಪಾಪುರದ ಒಂದು ರಿಪೇರಿ ಬಿಟ್ಟು ಇದನ್ನೇ ಹಿಡಿದು ಕೂತಿದ್ದೇನೆ. ಇನ್ನು ಸ್ವಲ್ಪ ದಿನ ಅಕ್ಕನಿಗೆ ತಡೆದುಕೊಳ್ಳಲು ಹೇಳಿ.

ಶಶಿ


ಪಿರಿಯಾಪಟ್ಟಣ
8 ಡಿಸೆಂಬರ್ 2002

ಪ್ರೀತಿಯ ಶಶಿ,

ತಿಥಿ ಮುಗಿಸಿ ನೀವೆಲ್ಲ ಹೋದ ಮೇಲೆ ಮನೆ ಗುಡಿಸಿ, ಮಂಚ ಗೋಡೆಗೆ ಒರಗಿಸಿದೆ. ಈಗ ಫೋನಿನಲ್ಲಿ ಏನು ಬೇಕಾದರೂ ಮಾತಾಡಬಹುದು, ಕೇಳಿಸಿಕೊಳ್ಳುವವರಿಲ್ಲ. ಆದರೂ ಕಾಗದವೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ ಒಂದು ಮಾತು ಹೇಳಬೇಕು. ಹೆಬ್ಬೆರಳು ನಿಂತದ್ದು ದಸರೆಗೆ ಮುಂಚೆಯೇ. ನಿನ್ನ ಕಾಗದ ಬಂದಾಗಲೇ ಅವಳು ಒತ್ತುತ್ತಿರಲಿಲ್ಲ. ಸ್ವಿಚ್ಚಿನ ಕೆಲಸ ನಿಲ್ಲಿಸು ಎಂದು ನಿನಗೆ ಬರೆಯಲು ಮನಸ್ಸು ಬರಲಿಲ್ಲ. ಕಂಪ್ಯೂಟರನ್ನು ಮಾತ್ರ ದಿನಾ ಹಾಕುತ್ತಿದ್ದೆ. ಬೆಳಕು ಸುತ್ತುವುದನ್ನು ಅವಳು ನೋಡುತ್ತಿದ್ದಳು. ಅದು ನೀರಿನ ಮೇಲೆ ಬಂದಾಗ ನನ್ನ ಕಡೆ ಕಣ್ಣು ತಿರುಗಿಸುತ್ತಿದ್ದಳು. ಬಂದೆ ಅನ್ನುತ್ತಿದ್ದೆ.

ಕೊನೆಯ ದಿನ ಮಂಡಿನೋವಿನಲ್ಲೂ ಬಂದಿದ್ದ ಅತ್ತೆ ಲೋಟ ಕೈಗೆ ಕೊಟ್ಟು ‘ಬುಡಪ್ಪ ಬಾಯ್ಗೆ’ ಅಂದರಲ್ಲ, ನಾನು ನಿಂತುಬಿಟ್ಟೆನಲ್ಲ, ನೀನು ಭುಜ ಹಿಡಿದುಕೊಂಡೆ. ಅಳುವಿಗೆ ನಿಂತದ್ದಲ್ಲ ಶಶಿ. ಆ ತುಟಿ ಎಷ್ಟು ಸಲ ನನ್ನ ಲೋಟಕ್ಕೆ ಮುಚ್ಚಿಕೊಂಡಿದೆ. ಈಗಲೂ ಮುಚ್ಚಿಕೊಳ್ಳಲಿ ಎಂದು ಕಾಯುತ್ತಿದ್ದೆ. ಮುಚ್ಚಿಕೊಳ್ಳಲಿಲ್ಲ, ನೀರು ಪಕ್ಕಕ್ಕೆ ಹರಿಯಿತು.

ಅಂಗಡಿ ಮತ್ತೆ ತೆಗೆಯಬೇಕು, ಲಗ್ನದ ಕಾಲ ಬರುತ್ತಿದೆ. ತಿಥಿಗೆ ಬಂದಾಗ ವಿಂಡೋಸ್ ಹಾಕಿಕೊಡುತ್ತೇನೆ ಅಂದಿದ್ದೆಯಲ್ಲ, ಬಾ. ಇಲ್ಲ, ನಿನ್ನದನ್ನೇ ಬಿಟ್ಟರೂ ಬಿಡು, ಕಲಿತುಕೊಳ್ಳುತ್ತೇನೆ. ಜಗಳವಾಡುವ ಚೈತನ್ಯ ನನಗಿಲ್ಲ. ಮುಟ್ಟುವ ಮುಂಚೆ ಆ ‘ನೀರು’ ಫೈಲನ್ನು ಎರಡು ಮೂರು ಕಡೆ ತೆಗೆದಿಡು. ಯಾವ ಯಂತ್ರದಲ್ಲಿ ಹಾಕಿದರೂ ಕೂಗುವ ಹಾಗೆ ಇರಲಿ.

ನಿನ್ನೆ ಊಟಕ್ಕೆಂದು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿದ್ದೆ. ಹಿಂದಿನ ಮೇಜಿನಲ್ಲಿ ಯಾರೋ ಹೆಂಗಸು ಮಾಣಿಗೆ ‘ನೀರು’ ಅಂದಳು. ‘ಬಂದೆ’ ಎಂದು ಎದ್ದು ನಿಂತೆ. ಮಾಣಿ ನನ್ನನ್ನೇ ನೋಡಿದ. ಕೈಯಲ್ಲಿ ನನ್ನ ಲೋಟ ಇತ್ತು.

ನಿನ್ನ ಭಾವ,
ಶಿವಶಂಕರ